ಕುಂದಾಪುರದಿಂದ ಬೈಂದೂರಿಗೆ ಒಂದು ಆಲ್ಬಂ

ನನಗೆ ಬೈಂದೂರಿನ ಹತ್ತಿರದ ಹೈಸ್ಕೂಲಿಗೆ ವರ್ಗವಾದಾಗ ಮನೆಯಲ್ಲಿ ಎಲ್ಲರೂ ಅಯ್ಯೋ ಪಾಪ ಅಂದರು. ಬ್ರಹ್ಮಾವರದಿಂದ ಅಲ್ಲಿಗೆ ಹೋಗಲು ಒಂದು ಗಂಟೆಗಿಂತ ಮೇಲೆ, ಬರಲು ಮತ್ತೆ ಅಷ್ಟೇ. ನಾನೂ ಅವರೆದುರು ಮುಖ ಸಣ್ಣ ಮಾಡಿಕೊಂಡೆ. ಆದರೆ ದಿನಾ ಕಾರಿನಲ್ಲೇ ಹೋಗಿ ಬರುವುದೆಂದು ತೀರ್ಮಾನವಾದ ಕ್ಷಣ ಒಳಗೊಳಗೇ ಕುಣಿದಾಡುವಷ್ಟು ಖುಷಿಯಾಯಿತು. ಕಾರಿನಲ್ಲಿ ನಾನೊಬ್ಬಳೇ. ಹೋಗುವಾಗ ಒಂದು ಆಲ್ಬಂ, ಬರುವಾಗ ಒಂದು ಆಲ್ಬಂ. ಯಾರ ಕಾಟವೂ ಇಲ್ಲ.

ನಾನು ವಿಜ್ಞಾನದ ಟೀಚರು, ವಯಸ್ಸು ನಲವತ್ತು ದಾಟಿದೆ, ಎದುರು ಸಿಕ್ಕವರಿಗೆ ನನ್ನನ್ನು ನೋಡಿದರೆ ಭಜನಾ ಮಂಡಳಿಗೆ ಸೇರಿಸಿಕೊಳ್ಳೋಣ ಅನ್ನಿಸುತ್ತದೆ. ನನಗೆ ಸಂಗೀತದ ಹುಚ್ಚು ಹಿಡಿಸಿದ್ದು ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ಹಾಸ್ಟೆಲಿನಲ್ಲಿ ನನ್ನ ಜೊತೆಗಿದ್ದ ಶಿಲ್ಲಾಂಗಿನ ಹುಡುಗಿ. ಅವಳ ಬಳಿ ಒಂದು ಸಿ.ಡಿ. ಪ್ಲೇಯರ್, ಒಂದು ಚೀಲ ತುಂಬ ಸಿ.ಡಿ.ಗಳಿದ್ದವು. ಸಂಜೆ ಮಂಚದ ಮೇಲೆ ಅಂಗಾತ ಮಲಗಿ ಒಂದು ಸಿ.ಡಿ.ಯನ್ನು ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಕೇಳುತ್ತಿದ್ದಳು. ಬೇಸರವಾದ ಹಾಡನ್ನು ಹಾರಿಸಲು ನಾನು ಕೈ ಹಾಕಿದರೆ ಕೈಗೊಂದು ಏಟು ಬೀಳುತ್ತಿತ್ತು. ಬೇಸರವಾದ ಹಾಡು ಬೇಕೆಂದೇ ಅಲ್ಲಿದೆ, ಅದನ್ನು ದಾಟಿದರೇ ಮುಂದಿನದು ಚೆನ್ನಾಗಿ ಕೇಳಿಸುವುದು ಎಂದು ಅವಳ ವಾದ. ಎರಡು ವರ್ಷ ಹಾಗೆ ಏಟು ತಿಂದು ನನಗೂ ಅದೇ ಚಾಳಿ ಅಂಟಿತು. ಇವತ್ತಿಗೂ ಒಂದೊಂದೇ ಹಾಡನ್ನು ಕಿತ್ತು ಕೇಳುವುದೆಂದರೆ ನನಗೆ ಕಾದಂಬರಿಯ ನಡುವಿನ ನಾಲ್ಕು ಪುಟ ಹರಿದುಕೊಂಡು ಓದಿದ ಹಾಗೆ.

ಮದುವೆಯಾಗಿ ಬ್ರಹ್ಮಾವರಕ್ಕೆ ಬಂದ ಮೇಲೆ ಇಡೀ ಆಲ್ಬಂ ಕೇಳುವ ಭಾಗ್ಯ ಕಡಿಮೆಯಾಯಿತು. ನಮ್ಮ ಮನೆಯವರಿಗೆ ಪೇಟೆಯಲ್ಲಿ ಪೈಪು, ನಲ್ಲಿ ಮಾರುವ ಅಂಗಡಿ. ಒಳ್ಳೆಯ ಮನುಷ್ಯ. ಸಂಗೀತದ ಬಗ್ಗೆ ಅವರಿಗೆ ಇರುವುದು ಒಂದೇ ಅಭಿಪ್ರಾಯ, "ಸೌಂಡ್ ಸ್ವಲ್ಪ ಕಮ್ಮಿ ಮಾಡ್." ಅವರು ಅಂಗಡಿಗೆ ಹೋದರೆ ಟಿ.ವಿ., ಟಿ.ವಿ. ನಿಂತರೆ ಮಿಕ್ಸಿ, ಮಿಕ್ಸಿ ನಿಂತರೆ ಗೇಟಿನ ಹತ್ತಿರ ಮೀನಿನವಳ ಕೂಗು. ಹೀಗಿರುವಾಗ ಕಿಟಕಿ ಏರಿಸಿದ ಕಾರು ಒಂದು ಖಾಸಗಿ ಕೋಣೆಯಾಗಿ ಒದಗಿ ಬಂತು. ಮೊದಲ ವಾರ ನಾನು ಹಾಸ್ಟೆಲಿನ ಆ ಹಳೆಯ ಆಲ್ಬಂಗಳನ್ನೆಲ್ಲ ಫೋನಿಗೆ ಇಳಿಸಿಕೊಂಡು ಒಂದೊಂದಾಗಿ ಕೇಳಿದೆ. ಸಾಲಿಗ್ರಾಮ, ಕೋಟ, ತೆಕ್ಕಟ್ಟೆ ಎಲ್ಲ ಯಾವಾಗ ಹಿಂದೆ ಹೋದವು ಎಂದೇ ತಿಳಿಯುತ್ತಿರಲಿಲ್ಲ.

ಎರಡನೆಯ ವಾರ ನಮ್ಮ ಶಾಲೆಯ ಪಿ.ಟಿ. ಮಾಸ್ಟ್ರು ಸ್ಟಾಫ್ ರೂಮಿನಲ್ಲಿ ನನ್ನ ಮೇಜಿನ ಮುಂದೆ ಬಂದು ನಿಂತರು. ನಿವೃತ್ತಿಗೆ ಎರಡು ವರ್ಷವಿದ್ದ ಎತ್ತರದ ಆಳು. ಮೂವತ್ತು ವರ್ಷ ಮೈದಾನದಲ್ಲಿ ಕೂಗಿ ಕೂಗಿ, ಪಕ್ಕದಲ್ಲಿ ನಿಂತವರ ಹತ್ತಿರವೂ ಮೈದಾನದ ಆಚೆಗಿದ್ದವರಿಗೆ ಹೇಳಿದಂತೆಯೇ ಮಾತನಾಡುತ್ತಿದ್ದರು. ಮನೆ ಕುಂದಾಪುರ.

"ಮೇಡಂ, ನೀವ್ ಕುಂದಾಪ್ರದ್ ಮೇಲೇ ಬಪ್ದಲ್ದಾ? ನನ್ನ ಹತ್ಸ್ಕಂಡ್ ಹೋತ್ರಿಯಾ? ಮಂಡಿ ನೋವ್ ಮಾರಾಯ್ರೆ, ಬಸ್ಸಂಗೆ ನಿಂತ್ಕಂಡ್ ಬಪ್ಕ್ ಆತಿಲ್ಲೆ."

ಇಲ್ಲ ಅನ್ನಲು ಬಾಯಿ ಬರಲಿಲ್ಲ. ಆದರೆ ಕುಂದಾಪುರದಿಂದ ಬೈಂದೂರಿನವರೆಗಿನ ನಲವತ್ತು ನಿಮಿಷ ನನ್ನ ಕೈ ಬಿಟ್ಟಿತು ಎಂದು ಮನಸ್ಸಿನಲ್ಲೇ ಅತ್ತುಬಿಟ್ಟೆ.

ಮರುದಿನ ಕುಂದಾಪುರದ ಫ್ಲೈಓವರಿನ ಕೆಳಗೆ ಅವರು ಹತ್ತಿಕೊಂಡರು. ನಾನು ಆಗ ಒಂದು ಇಂಗ್ಲಿಷ್ ರಾಕ್ ಆಲ್ಬಂ ಶುರು ಮಾಡಿದ್ದೆ. ಹಾಡುಗಳ ನಡುವೆ ಬಿಡುವೇ ಇಲ್ಲದೆ ಒಂದಕ್ಕೊಂದು ಅಂಟಿಕೊಂಡಿರುವ, ಮೊದಲ ಐದು ನಿಮಿಷ ಗಿಟಾರು ಮಾತ್ರ ನಿಧಾನಕ್ಕೆ ಏಳುವ ಆಲ್ಬಂ ಅದು. ಮಾಸ್ಟ್ರು ಬಗ್ಗಿ ಸ್ಪೀಕರನ್ನು ನೋಡಿದರು.

"ಹ್ವಾಯ್ ಮೇಡಂ, ಹಾಡ್ ಶುರು ಆಪ್ದ್ ಯಾಗಳ್?"

"ಶುರು ಆಯ್ತಲೆ ಸರ್."

"ಎಂತ ಶುರು ಆದ್ದ್? ಬರೀ ಟೊಂಯ್ ಟೊಂಯ್ ಅಂತ್ ಇತ್ತ್. ಹಾಡುವವ ಎಲ್ ಹೋದ?"

"ಬತ್ತ ಸರ್. ಇನ್ನ್ ಮೂರ್ ನಿಮಿಷ."

"ಅವ ಬಪ್ಪತಿಗೆ ತಲ್ಲೂರ್ ದಾಟತ್ತ್," ಎಂದು ಮಾಸ್ಟ್ರು ಕೈ ಚಾಚಿ ಮುಂದಿನ ಹಾಡಿಗೆ ಹಾರಿಸಿಯೇ ಬಿಟ್ಟರು.

ಹಾಸ್ಟೆಲಿನಲ್ಲಿ ನನಗೆ ಬೀಳುತ್ತಿದ್ದ ಏಟನ್ನು ಅವರ ಕೈಗೆ ಕೊಡಲು ಆಗುವುದಿಲ್ಲ. ಹಿರಿಯರು. ಕಾರನ್ನು ಸ್ವಲ್ಪ ನಿಧಾನ ಮಾಡಿ, ಧೈರ್ಯ ಮಾಡಿ ಹೇಳಿದೆ, "ಸರ್, ನಮ್ಮ ಕಾರಂಗೆ ಒಂದ್ ಕಾನೂನ್ ಇತ್ತ್. ಒಂದ್ ಆಲ್ಬಂ ಹಾಕ್ರೆ ಇಡೀ ಕೇಣ್ಕ್. ಮಧ್ಯ ಹಾರ್ಸುಕಿಲ್ಲೆ."

ಅವರು ನನ್ನ ಮುಖ ನೋಡಿದರು. ಬೇಸರ ಮಾಡಿಕೊಂಡರೋ ಎಂದು ನಾನು ಹೆದರಿದೆ. ಆದರೆ ಕಾನೂನು ಎಂಬ ಮಾತು ಪಿ.ಟಿ. ಮಾಸ್ಟ್ರಿಗೆ ಹಿಡಿಸಿತೆಂದು ಕಾಣುತ್ತದೆ.

"ಆಯ್ತ್," ಅಂದರು. "ಆದ್ರೆ ಒಂದ್ ದಿನ ನಿಮ್ದ್, ಒಂದ್ ದಿನ ನಮ್ದ್. ಮತ್ತೆ ಬಾಯಿ ಮುಚ್ಕಂಡ್ ಕೇಣ್ಕ್ ಅಂದ್ರೆ ಮಾತ್ರ ನನ್ನತ್ರ ಆತಿಲ್ಲೆ."

ಹೀಗೆ ಶುರುವಾಯಿತು. ಅವರ ದಿನಗಳಲ್ಲಿ ಬರುತ್ತಿದ್ದದ್ದು ಯಕ್ಷಗಾನ. ಮಾಸ್ಟ್ರು ಪ್ರಾಯದಲ್ಲಿ ಹವ್ಯಾಸಿ ತಂಡವೊಂದರಲ್ಲಿ ಚಂಡೆ ಬಾರಿಸಿದವರಂತೆ. ಅವರ ಫೋನಿನಲ್ಲಿ ಆಟ ನೋಡಲು ಹೋದವರು ಯಾರೋ ಧ್ವನಿಮುದ್ರಿಸಿಕೊಂಡ ಪ್ರಸಂಗಗಳು ತುಂಬಿದ್ದವು. ಒಂದೊಂದೂ ನಾಲ್ಕು ತಾಸಿನದು. ಇಡೀ ಕೇಳಬೇಕು ಎಂಬ ಕಾನೂನು ನನ್ನದೇ ಆದ್ದರಿಂದ ಒಂದು ಪ್ರಸಂಗ ಮುಗಿಯಲು ಅವರ ಪಾಲಿನ ಮೂರು ದಿನ ಬೇಕಾಗುತ್ತಿತ್ತು. ರಾಕ್ಷಸ ಸಾಯುವ ಹೊತ್ತಿಗೆ ನಮ್ಮ ಶಾಲೆಯಲ್ಲಿ ಕಿರುಪರೀಕ್ಷೆ ಮುಗಿದಿರುತ್ತಿತ್ತು.

ನನಗೆ ಯಕ್ಷಗಾನ ಹೊಸದೇನಲ್ಲ. ಆದರೆ ವೇಷ ಕಾಣದೆ ಬರೀ ಕಿವಿಯಲ್ಲಿ ಕೇಳಿದ್ದು ಅದೇ ಮೊದಲು. ಕೇಳಿದಾಗ ಗೊತ್ತಾಯಿತು, ಆ ಕಚ್ಚಾ ಧ್ವನಿಮುದ್ರಣಗಳಲ್ಲಿ ಒಂದು ಚಂದ ಇದೆ. ಭಾಗವತರು ಪದ್ಯ ಎತ್ತುವ ಮೊದಲು ಉಸಿರು ಎಳೆದುಕೊಳ್ಳುವುದು ಕೇಳುತ್ತದೆ. ಯಾರೋ ಕೆಮ್ಮುತ್ತಾರೆ, ಯಾರೋ ಕಡಲೆಕಾಯಿ ಸುಲಿಯುತ್ತಾರೆ, ಒಂದು ಮಗು ಅಳುತ್ತದೆ, ಚಂಡೆ ಬಿದ್ದ ಕೂಡಲೇ ಸುಮ್ಮನಾಗುತ್ತದೆ. ಸ್ಟುಡಿಯೋದಲ್ಲಿ ತೊಳೆದು ಒರೆಸಿ ಇಟ್ಟ ಯಕ್ಷಗಾನದ ಪದ್ಯಗಳ ಆಲ್ಬಂ ಒಂದನ್ನು ಆಮೇಲೆ ನಾನೇ ಹುಡುಕಿ ಹಾಕಿದೆ. ಸ್ವಚ್ಛವಾಗಿತ್ತು, ತಪ್ಪೊಂದೂ ಇರಲಿಲ್ಲ, ಇಬ್ಬರಿಗೂ ಹೆಮ್ಮಾಡಿ ಬರುವಷ್ಟರಲ್ಲಿ ಆಕಳಿಕೆ ಬಂತು. ಈ ಒಂದು ವಿಷಯದಲ್ಲಿ ನಮ್ಮಿಬ್ಬರಿಗೂ ಮೊದಲ ಬಾರಿ ಅಭಿಪ್ರಾಯ ಕೂಡಿತು.

ಉಳಿದದ್ದರಲ್ಲಿ ಕೂಡುತ್ತಿದ್ದದ್ದು ಅಪರೂಪ. ಹಿಂದೂಸ್ತಾನಿ ಗಾಯಕಿಯೊಬ್ಬರು ಒಂದೇ ರಾಗವನ್ನು ಐವತ್ತು ನಿಮಿಷ ಹಾಡಿದ ಆಲ್ಬಂ ನನಗೆ ಪ್ರಾಣ. ವಿಲಂಬಿತದಲ್ಲಿ ಒಂದು ಸ್ವರದಿಂದ ಪಕ್ಕದ ಸ್ವರಕ್ಕೆ ಅವರು ಹೋಗುವುದು, ಹಾಲು ತುಂಬಿದ ಪಾತ್ರೆ ಹಿಡಿದು ಹೊಸಿಲು ದಾಟುವವರ ಹಾಗೆ. ಮಾಸ್ಟ್ರು ತ್ರಾಸಿಯವರೆಗೆ ತಡೆದುಕೊಂಡರು.

"ಊಟಕ್ ಕರ್ದ್ರ್, ಎಲೆ ಹಾಕ್ರ್, ನೀರ್ ಚಿಮ್ಕ್ಸ್ತಾ ಇದ್ರ್, ಚಿಮ್ಕ್ಸ್ತಾ ಇದ್ರ್... ಅನ್ನ ಬಪ್ದ್ ಯಾಗಳ್ ಮೇಡಂ?"

"ಅನ್ನ ದ್ರುತದಲ್ಲಿ ಬತ್ತ್ ಸರ್."

ದ್ರುತ ಬರುವಾಗ ಬೈಂದೂರು ಬಂದುಬಿಟ್ಟಿತ್ತು. ಕಾನೂನಿನ ಪ್ರಕಾರ ನಾವು ಶಾಲೆಯ ಗೇಟಿನ ಹೊರಗೆ, ಒಂದು ಗೋಳಿಮರದ ಕೆಳಗೆ ಕಾರು ನಿಲ್ಲಿಸಿ ಮುಗಿಸಿದೆವು. ತಾನಗಳ ಮಳೆ ಸುರಿದು ನಿಂತಾಗ ಮಾಸ್ಟ್ರು ಬಾಗಿಲು ತೆರೆಯುತ್ತಾ, "ಅನ್ನ ಒಳ್ಳೆದಿತ್ತ್," ಅಂದರು. ಅವತ್ತು ಇಬ್ಬರೂ ಪ್ರಾರ್ಥನೆಗೆ ತಡವಾಗಿ ಹೋಗಿ ಹೆಡ್‌ಮಾಸ್ಟರ ಕಣ್ಣಿಗೆ ಬಿದ್ದೆವು.

ಭಾವಗೀತೆಯ ವಿಷಯಕ್ಕೆ ಬಂದರೆ ತಲೆಕೆಳಗು. ಎಂಟು ಕವಿತೆಗಳ ಒಂದು ಆಲ್ಬಂ ಅವರಿಗೆ ಬಹಳ ಇಷ್ಟ, ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ನನ್ನ ತಕರಾರು ಆ ಕೊಳಲಿನ ಮೇಲೆ. ಪ್ರತಿ ಸಾಲು ಮುಗಿದ ಕೂಡಲೇ ಕೊಳಲು ಬಂದು 'ಅರ್ಥವಾಯಿತಾ, ಬೇಸರದ ಸಾಲು ಇದು' ಎಂದು ತಿಳಿಸಿಹೇಳಿ ಹೋಗುತ್ತದೆ. ಕವಿಯ ಮೇಲೆ ಒಂದಿಷ್ಟು ನಂಬಿಕೆ ಇಟ್ಟು ಸುಮ್ಮನಿರಬಾರದೇ? ನಾನು ಹಾಗೆಂದಾಗ ಮಾಸ್ಟ್ರಿಗೆ ಸಿಟ್ಟೇ ಬಂತು. ಕೊಳಲಿಲ್ಲದ ಭಾವಗೀತೆ ಉಪ್ಪಿಲ್ಲದ ಸಾರು ಅಂದರು. ನಾನು, ಈ ಸಾರಿನಲ್ಲಿ ಉಪ್ಪು ಬಿಟ್ಟರೆ ಬೇರೇನೂ ಇಲ್ಲ ಅಂದೆ. 

ಮೆಟಲ್ ಸಂಗೀತ ಹಾಕುವ ಮೊದಲು ನಾನು ಒಂದು ತಿಂಗಳು ಯೋಚಿಸಿದ್ದೆ. ಸ್ವೀಡನ್ ಕಡೆಯ ತಂಡ. ಡ್ರಮ್ಮಿನವನು ಎರಡು ಕಾಲಲ್ಲೂ ಬಾರಿಸುತ್ತಾನೆ, ಹಾಡುವವನು ಹಾಡುವುದಿಲ್ಲ, ಹೊಟ್ಟೆಯ ಆಳದಿಂದ ಗರ್ಜಿಸುತ್ತಾನೆ. ಹತ್ತಿರದ ಬಂಧುಗಳಿಗೂ ನಾನು ಇದನ್ನು ಕೇಳುತ್ತೇನೆಂದು ಹೇಳಿರಲಿಲ್ಲ. ಮಾಸ್ಟ್ರು ಹೆದರಿ ಇಳಿದು ಹೋದಾರೆಂದು ನಾನು ಸೌಂಡು ಕಡಿಮೆ ಇಟ್ಟುಕೊಂಡು ಶುರು ಮಾಡಿದೆ. ಒಂದು ನಿಮಿಷ ಆಗುವಷ್ಟರಲ್ಲಿ ಅವರೇ ಕೈ ಚಾಚಿ ಸೌಂಡು ಏರಿಸಿದರು.

"ಇದ್ ಬಣ್ಣದ್ ವೇಷ ಅಲ್ದಾ ಮೇಡಂ! ರಾಕ್ಷಸನ್ ಒಡ್ಡೋಲಗ! ಕಾಣಿ, ಕಾಣಿ, ಈಗ ತೆರೆ ಸರ್ಸ್ತ ಕಾಣಿ!"

ನಿಜವಾಗಿಯೂ ಆ ಕ್ಷಣದಲ್ಲೇ ಗಿಟಾರುಗಳು ಒಮ್ಮೆಲೇ ಬಿಚ್ಚಿಕೊಂಡು, ಇಡೀ ಕಾರು ಗಡಗಡ ನಡುಗಿತು. ಮರವಂತೆಯ ಕಡಲ ದಂಡೆಯಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದ ಹೊರಗಿನವರು ತಿರುಗಿ ನೋಡಿದರು. ಮುಂದಿನ ಸೀಟಿನಲ್ಲಿ ಸೀರೆಯುಟ್ಟ ಟೀಚರು, ಪಕ್ಕದಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಎರಡೂ ಕೈಯಲ್ಲಿ ಚಂಡೆ ಬಾರಿಸುತ್ತಿರುವ ಬಿಳಿಕೂದಲಿನ ಮನುಷ್ಯ. ಅವರು ಏನೆಂದುಕೊಂಡರೋ.

ಜಾಜ್ ಮಾತ್ರ ಮೂರು ಸಲ ಸೋತಿತು. ಪಿಯಾನೋ, ದೊಡ್ಡ ಪಿಟೀಲಿನ ಹಾಗಿರುವ ಬಾಸ್, ಡ್ರಮ್ಮು, ಮೂರೇ ಜನ ಇರುವ ಒಂದು ಆಲ್ಬಂ. ಮೊದಲ ಸಲ ಅವರ ಅಭಿಪ್ರಾಯ, "ಯಾರೂ ಯಾರ್ ಮಾತೂ ಕೇಂತಿಲ್ಲೆ." ಎರಡನೆಯ ಸಲ ನಿದ್ದೆ. ಮೂರನೆಯ ಸಲವೂ ನಿದ್ದೆ. ನಾಲ್ಕನೆಯ ಸಲ ನನಗೇ ಒಂದು ಉಪಾಯ ಹೊಳೆಯಿತು. ತಾಳಮದ್ದಳೆಯಲ್ಲಿ ವೇಷವಿಲ್ಲದೆ ಕೂತು ಅರ್ಥ ಹೇಳುವವರು ಪದ್ಯವೊಂದನ್ನು ಹಿಡಿದುಕೊಂಡು ಆ ಹೊತ್ತಿಗೆ ಹೊಳೆದದ್ದನ್ನೇ ಮಾತಾಗಿ ಕಟ್ಟುವುದಿಲ್ಲವೇ, ಇವರೂ ಹಾಗೇ ಅಂದೆ. ಮೊದಲು ಬಂದ ರಾಗವೇ ಪದ್ಯ. ಪಿಯಾನೋದವನು ಕೃಷ್ಣನ ಅರ್ಥ ಹೇಳುತ್ತಿದ್ದಾನೆ, ಬಾಸಿನವನು ಕೌರವ, ಅವನ ಮಾತಿಗೆ ಇವನು ಈಗ ಉತ್ತರ ಕೊಡುತ್ತಾನೆ ಕೇಳಿ ಅಂದೆ. ಮಾಸ್ಟ್ರು ನೆಟ್ಟಗೆ ಕೂತರು. ಉಪ್ಪುಂದದವರೆಗೆ ಒಂದು ಕಿವಿ ಸ್ಪೀಕರಿನ ಕಡೆಗೇ ಇತ್ತು. ಆಮೇಲೆ, "ಕೌರವಂಗೇ ಹೆಚ್ಚ್ ಮಾತ್ ಬತ್ತ್," ಅಂದರು. ಅಂದಿನಿಂದ ಅವರಿಗೆ ನನಗಿಂತ ಹೆಚ್ಚು ಜಾಜ್ ಅರ್ಥವಾಗತೊಡಗಿತು. ಅದು ನನಗೆ ಸ್ವಲ್ಪ ಹೊಟ್ಟೆಕಿಚ್ಚಿನ ವಿಷಯವೇ.

ಇಷ್ಟೆಲ್ಲ ಚೆನ್ನಾಗಿ ನಡೆಯುತ್ತಿರುವಾಗ ಒಂದು ಬ್ಯಾಂಡಿನ ಆಲ್ಬಂ ನಮ್ಮಿಬ್ಬರಿಗೆ ತಂದಿಟ್ಟಿತು.

ಅದು ಯುರೋಪಿನ ಒಂದು ಮೂಲೆಯ ಹಳ್ಳಿಗಾಡಿನವರದು. ಹತ್ತು ಹನ್ನೆರಡು ಜನ ಕಹಳೆ, ತುತ್ತೂರಿ ಹಿಡಿದು ಮದುವೆ ಮನೆಗಳಲ್ಲಿ ಊದುವವರು. ಊದುವುದು ಎಂದರೆ ಬಿರುಗಾಳಿ. ನಾನು ಅದನ್ನು ಬರೀ ಗದ್ದಲದ ಖುಷಿಗೆಂದು ಹಾಕಿದ್ದೆ. ಎರಡನೆಯ ಹಾಡು ಬಂದಾಗ ಮಾಸ್ಟ್ರ ಬೆರಳು ತೊಡೆಯ ಮೇಲೆ ಆಡತೊಡಗಿತು. ತಕಿಟ ತಕಧಿಮಿ, ತಕಿಟ ತಕಧಿಮಿ.

"ಮೇಡಂ, ಇದ್ ತ್ರಿವುಡೆ!" ಎಂದು ಕೂಗಿದರು. "ಏಳಕ್ಷರ! ಇವ್ರಿಗೆ ಹೇಳ್ಕೊಟ್ಟದ್ ಯಾರ್?"

ಯಕ್ಷಗಾನದ ಏಳು ಅಕ್ಷರದ ತಾಳ ಸಮುದ್ರದಾಚೆಯ ಯಾವುದೋ ಮದುವೆ ಮನೆಯಲ್ಲಿ ಸಿಕ್ಕಿದ್ದು ಅವರಿಗೆ ತಪ್ಪಿಸಿಕೊಂಡು ಹೋಗಿದ್ದ ನೆಂಟ ಸಿಕ್ಕಷ್ಟು ಸಂತೋಷ. ಶಾಲೆ ಬರುವಷ್ಟರಲ್ಲಿ ಅವರ ತಲೆಯಲ್ಲಿ ಒಂದು ಯೋಜನೆ ತಯಾರಾಗಿತ್ತು. ಸ್ವಾತಂತ್ರ್ಯ ದಿನದ ಸಾಮೂಹಿಕ ಕವಾಯತಿಗೆ ಅವರು ಇಪ್ಪತ್ತು ವರ್ಷದಿಂದ ಒಂದೇ ಹಳೆಯ ಬ್ಯಾಂಡಿನ ಧ್ವನಿಮುದ್ರಣ ಹಾಕುತ್ತಿದ್ದರು. ಈ ಸಲ ಇದು.

"ಎಡಬಲ ಎಡಬಲ ಅಂದೇಳಿ ಮಕ್ಳಿಗೂ ಬೇಜಾರ್ ಬಂದಿತ್ತ್. ಏಳಕ್ ಕುಣಿಸ್ತೆ ಕಾಣಿ!"

ಒಂದು ತಿಂಗಳು ಮೈದಾನದಲ್ಲಿ ಅಭ್ಯಾಸ ನಡೆಯಿತು. ಕಿಟಕಿಯಿಂದ ನಾನೂ ನೋಡುತ್ತಿದ್ದೆ. ಏಳು ಹೆಜ್ಜೆ ನಡೆದು ಎಂಟನೆಯದಕ್ಕೆ ಎಲ್ಲರೂ ಒಟ್ಟಿಗೆ ಬಲಕ್ಕೆ ತಿರುಗಬೇಕು. ಮಾಸ್ಟ್ರು ಮೈಕು ಹಿಡಿದು ತಕಿಟ ತಕಧಿಮಿ ಎಂದು ಹೇಳಿಕೊಡುತ್ತಿದ್ದರೆ ನಮ್ಮ ಮಕ್ಕಳು ನೀರು ಕುಡಿದಷ್ಟು ಸಲೀಸಾಗಿ ಹೆಜ್ಜೆ ಹಾಕುತ್ತಿದ್ದರು. ನನಗೂ ಹೆಮ್ಮೆ. ಎಷ್ಟೆಂದರೂ ನನ್ನ ಆಲ್ಬಂ ಅಲ್ಲವೇ.

ಸ್ವಾತಂತ್ರ್ಯ ದಿನ ಹಲವು ಶಾಲೆಗಳು ಸೇರುವ ದೊಡ್ಡ ಮೈದಾನದಲ್ಲಿ ಮಾಸ್ಟ್ರಿಗೆ ಮೈಕು ಸಿಗಲಿಲ್ಲ. ಬರೀ ಹಾಡು ಹಾಕಿದರು. ಮೊದಲ ಏಳು ಹೆಜ್ಜೆ ಚೆನ್ನಾಗಿ ಬಿತ್ತು. ಆದರೆ ಎಡಗಾಲಿನಿಂದ ಹೊರಟು ಏಳು ಹೆಜ್ಜೆ ಹಾಕಿದರೆ ಮುಂದಿನ ಸುತ್ತು ಶುರುವಾಗುವುದು ಬಲಗಾಲಿನಿಂದ. ಮೈಕಿನಲ್ಲಿ ತಾಳ ಕೇಳುತ್ತಿದ್ದಾಗ ಯಾರಿಗೂ ಅದು ತೊಡಕಾಗಿರಲಿಲ್ಲ. ಈಗ ತಾಳ ಹಿಡಿದಿದ್ದ ಮುಂದಿನ ಸಾಲಿನವರು ಬಲಗಾಲಿಗೇ ತಿರುಗಿದರು. ಹಿಂದಿನ ಸಾಲಿನವರು ಒಂದನೇ ಕ್ಲಾಸಿನಿಂದ ಕಲಿತ ಹಾಗೆ ಎಡಗಾಲು ಬರಲೆಂದು ಒಂದು ಹೆಜ್ಜೆ ಕಾದರು. ಆ ಒಂದು ಹೆಜ್ಜೆ ಸಾಕಾಯಿತು. ನಾಲ್ಕನೆಯ ಸುತ್ತಿಗೆ ಎದುರು ಬದುರಾಗಿ ಢಿಕ್ಕಿ. ಒಬ್ಬಳ ರಿಬ್ಬನ್ ಇನ್ನೊಬ್ಬಳ ಬಳೆಗೆ ಸಿಕ್ಕಿಕೊಂಡಿತು. ಇಬ್ಬರು ಕೆಳಗೆ ಬಿದ್ದರು. ಮಕ್ಕಳೇ ನಗತೊಡಗಿದರು, ಆಮೇಲೆ ಮೈದಾನವೂ ನಕ್ಕಿತು. ಕಹಳೆಯವರು ಮಾತ್ರ ಏನೂ ಗೊತ್ತಿಲ್ಲದೆ ಊದುತ್ತಲೇ ಇದ್ದರು.

ವಾಪಸು ಬರುವಾಗ ಕಾರಿನಲ್ಲಿ ಮಾಸ್ಟ್ರು ಕೈ ಚಾಚಿ ಸ್ಪೀಕರ್ ಆರಿಸಿದರು.

"ಮೂವತ್ ವರ್ಷದಗೆ ನನ್ನ ಸಾಲ್ ಒಂದ್ ಸಲ ತಪ್ಲಿಲ್ಲೆ," ಅಂದರು. "ನಿಮ್ಮ ಪೋಂ ಪೋಂ ಬ್ಯಾಂಡ್ ಕೇಂಡ್ ಮರ್ಯಾದೆ ಹೋಯ್ತ್."

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. "ಕೇಣಿ ಅಂದೆ ಸರ್. ಕವಾಯತ್ ಮಾಡ್ಸಿ ಅಂದಿದ್ನಾ?"

ಮರುದಿನ ಫ್ಲೈಓವರಿನ ಕೆಳಗೆ ಅವರಿರಲಿಲ್ಲ. ಐದು ನಿಮಿಷ ಕಾದೆ. ಅವರು ಬಸ್ಸಿನಲ್ಲಿ ಹೋಗಿದ್ದರು.

ಮತ್ತೆ ಕಾರು ನನ್ನೊಬ್ಬಳದೇ ಆಯಿತು. ನಾನು ಮೊದಲಿಗೆ ಬಯಸಿದ್ದು ಅದನ್ನೇ ಅಲ್ಲವೇ? ಅವರಿಗೆ ಹಿಡಿಸದ ಆಲ್ಬಂಗಳನ್ನೆಲ್ಲ ಹುಡುಕಿ ಹುಡುಕಿ ಹಾಕಿದೆ. ಫ್ರಿಜ್ಜಿನ ಶಬ್ದ ಎಂದು ಅವರು ಹಂಗಿಸಿದ್ದ, ಬರೀ ತೇಲುವ ನಾದಗಳ ಒಂದು ಎಲೆಕ್ಟ್ರಾನಿಕ್ ಆಲ್ಬಂ ಹಾಕಿದೆ. ಹೌದು, ಫ್ರಿಜ್ಜಿನ ಶಬ್ದವೇ. ಅವರು ಪಕ್ಕದಲ್ಲಿ ಗೊಣಗುತ್ತಿದ್ದಾಗ ಮಾತ್ರ ನನಗೆ ಅದನ್ನು ಎತ್ತಿಹಿಡಿಯುವ ಹುಮ್ಮಸ್ಸು ಇದ್ದದ್ದು. ಬೆಂಗಳೂರಿನ ಹೊಸ ಹುಡುಗನೊಬ್ಬನ ಕನ್ನಡ ರ‍್ಯಾಪ್ ಆಲ್ಬಂ ಹಾಕಿದೆ. ಹದಿನಾರು ಹಾಡಿನಲ್ಲಿ ಒಂಬತ್ತು ಅದ್ಭುತ, ನಾಲ್ಕು ಪರವಾಗಿಲ್ಲ, ಮೂರು ಅವನ ಗೆಳೆಯರ ಮುಲಾಜಿಗೆ ಸೇರಿಸಿದ್ದು. ಇದನ್ನು ಯಾರಿಗೆ ಹೇಳುವುದು? ಒಂದು ಹಾಡಿನಲ್ಲಿ ಅವನು ಉಸಿರು ತೆಗೆದುಕೊಳ್ಳದೆ ಇಪ್ಪತ್ತು ಸಾಲು ಹೇಳಿ ಮುಗಿಸಿದಾಗ ನಾನು ಅಭ್ಯಾಸಬಲದಿಂದ ಎಡಗಡೆ ತಿರುಗಿ "ಕೇಂಡ್ರ್ಯಾ?" ಅಂದೆ. ಸೀಟಿನ ಮೇಲೆ ನನ್ನ ಟಿಫಿನ್ ಡಬ್ಬಿ ಇತ್ತು.

ಒಂಬತ್ತನೆಯ ದಿನ ತಲ್ಲೂರಿನ ಹತ್ತಿರ ನನ್ನ ಮುಂದೆ ಒಂದು ಬಸ್ಸು ನಿಂತಿತು. ಹಿಂದಿನ ಗಾಜಿನಲ್ಲಿ ಮಾಸ್ಟ್ರು ಕಂಡರು. ಮೇಲಿನ ಕಂಬಿ ಹಿಡಿದು, ನೋವಿನ ಕಾಲನ್ನು ಎತ್ತಿ ಇನ್ನೊಂದು ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದರು. ನನಗೆ ಬಸ್ಸನ್ನು ದಾಟಿ ಮುಂದೆ ಹೋಗಲು ಮನಸ್ಸಾಗಲಿಲ್ಲ. ಬೈಂದೂರಿನವರೆಗೆ ಅದರ ಹಿಂದೆಯೇ ಹೋದೆ.

ಅವತ್ತು ಮಧ್ಯಾಹ್ನ ಊಟವಾದ ಮೇಲೆ ಒಂದು ಹಾಳೆಯಲ್ಲಿ ಎಡ, ಬಲ, ಎಡ, ಬಲ ಎಂದು ಬರೆದುಕೊಂಡು ಅವರ ಮೇಜಿಗೆ ಹೋದೆ.

"ಸರ್, ಏಳು ಬೆಸಸಂಖ್ಯೆ. ಅದಕ್ಕೇ ಕಾಲು ಅದಲುಬದಲಾದ್ದ್. ಎರಡು ಸುತ್ತಿಗೆ ಒಂದ್ ಸಲ ತಿರ್ಗ್ರೆ ಹದಿನಾಲ್ಕ್ ಹೆಜ್ಜೆ ಆತ್ತ್. ಯಾವತ್ತೂ ಎಡಗಾಲೇ ಬತ್ತ್."

ಮಾಸ್ಟ್ರು ಹಾಳೆ ನೋಡಿದರು. ಆಮೇಲೆ ತಮ್ಮ ಹಾಜರಿ ಪುಸ್ತಕದ ಹಿಂದಿನ ಪುಟ ತೆರೆದು ನನ್ನ ಕಡೆಗೆ ತಿರುಗಿಸಿದರು. ಅಲ್ಲಿಯೂ ಹದಿನಾಲ್ಕು ಗೀಟುಗಳಿದ್ದವು.

"ಹದ್ನಾಲ್ಕ್ ಅಂದ್ರೆ ನಮ್ಮ ಯಕ್ಷಗಾನದ್ ಅಷ್ಟತಾಳ," ಅಂದರು. "ಮೊನ್ನೆ ಬಚ್ಚಲಂಗೆ ಮೀವತಿಗೆ ಹೊಳ್ದದ್ದ್. ನಿಮ್ಗೆ ಹೇಳುವ ಅಂದೇಳಿ ಇದ್ದೆ. ಹ್ಯಾಂಗ್ ಹೇಳುದ್ ಅಂತ್ ಗೊತ್ತಾಯ್ಲಿಲ್ಲೆ."

ಇಬ್ಬರೂ ನಕ್ಕೆವು. ಸಂಜೆ ನಾನು ಕರೆಯದೆಯೇ ಬಂದು ಕಾರಿನ ಬಾಗಿಲು ತೆಗೆದು ಕೂತರು. ಟಿಫಿನ್ ಡಬ್ಬಿ ಮಡಿಲಿಗೆ ಇಟ್ಟುಕೊಂಡರು.

"ಆ ಬಸ್ಸಂಗೆ ಒಂದ್ ಹಾಡೂ ಮುಗಿಸ್ತ್ರಿಲ್ಲೆ ಮೇಡಂ. ಪಲ್ಲವಿ ಆತ್ತ್, ಡ್ರೈವರ್ ಬದಲ್ಸ್ತ. ಮತ್ತೊಂದ್ ಪಲ್ಲವಿ. ಒಂಬತ್ ದಿನ ಬರೀ ಪಲ್ಲವಿ! ತಲೆ ಕೆಟ್ಟ್ ಹೋಯ್ತ್."

ಡಿಸೆಂಬರಿನ ವಾರ್ಷಿಕೋತ್ಸವದ ದಿನ ಬೆಳಿಗ್ಗೆ ಅದೇ ಹಾಡಿಗೆ ಅದೇ ಮಕ್ಕಳು ಮತ್ತೆ ಮೈದಾನಕ್ಕೆ ಇಳಿದರು. ಹದಿನಾಲ್ಕು ಹೆಜ್ಜೆಗೊಮ್ಮೆ ಇಡೀ ಸಾಲು ಒಂದೇ ಬಾಗಿಲು ತಿರುಗಿದ ಹಾಗೆ ತಿರುಗಿತು. ಮಾಸ್ಟ್ರು ಮೈದಾನದ ಅಂಚಿನಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು, ತುಟಿ ಮಾತ್ರ ಅಲುಗುತ್ತಿತ್ತು. ಮುಗಿದಾಗ ಚಪ್ಪಾಳೆ ಎಲ್ಲ ವರ್ಷದಷ್ಟೇ ಬಂತು, ಹೆಚ್ಚೇನಿಲ್ಲ. ಆದರೆ ಮೊಮ್ಮಗಳನ್ನು ನೋಡಲು ಬಂದು ನನ್ನ ಪಕ್ಕ ಕೂತಿದ್ದ ಒಬ್ಬ ಅಜ್ಜಿ ಕೇಳಿದರು, "ಟೀಚರೇ, ಇದ್ ಯಾವ್ ಮೇಳದ್ದ್?" ಯಾವ ಯಕ್ಷಗಾನ ಮೇಳದ್ದೆಂದು ಅಜ್ಜಿ ಕೇಳಿದ್ದನ್ನು ನಾನು ಮಾಸ್ಟ್ರಿಗೆ ಹೇಳಿದೆ. ಅವರು ಕರವಸ್ತ್ರ ತೆಗೆದು ಮುಖ ಒರೆಸಿಕೊಂಡು, ಬಿಸಿಲು ಜೋರು ಅಂದರು.

ಆಮೇಲಿನ ಒಂದು ವರ್ಷ ಹೇಗೆ ಕಳೆಯಿತೆಂದರೆ ಆಲ್ಬಂಗಳಲ್ಲೇ ಹೇಳಬೇಕು. ಬ್ರಹ್ಮಾವರದ ನಮ್ಮ ಪಕ್ಕದ ಮನೆಯವರು ಕೊಟ್ಟ ಕೊಂಕಣಿ ಮದುವೆ ಹಾಡುಗಳ ಆಲ್ಬಂ ಮಾಸ್ಟ್ರಿಗೆ ಎಷ್ಟು ಹಿಡಿಸಿತೆಂದರೆ ಒಂದು ವಾರ ನನ್ನ ಪಾಲಿನ ದಿನಗಳನ್ನೂ ಬೇಡಿ ಪಡೆದರು. ಒಂದು ಕವ್ವಾಲಿ ಆಲ್ಬಂ ಕೇಳಿ, ಚಪ್ಪಾಳೆ ತಟ್ಟುವವರಿಗೆ ಕೈ ನೋಯುವುದಿಲ್ಲವೇ ಎಂದು ಚಿಂತೆಪಟ್ಟರು. ಹೊಸ ಸಿನಿಮಾಗಳ ಆಲ್ಬಂಗಳನ್ನು ನಾನು ಆಲ್ಬಂ ಎಂದೇ ಒಪ್ಪುವುದಿಲ್ಲ. ಆರು ಹಾಡು ಆರು ಅಂಗಡಿಯಿಂದ ತಂದು ಒಂದು ಚೀಲಕ್ಕೆ ಹಾಕಿದ ಹಾಗಿರುತ್ತವೆ. ಮಾಸ್ಟ್ರು ಅದಕ್ಕೆ, ಚೀಲ ಮನೆಗೆ ಬಂದ ಮೇಲೆ ಯಾವ ಅಂಗಡಿಯದಾದರೇನು, ಅಡುಗೆ ಆದರೆ ಸೈ ಅನ್ನುತ್ತಿದ್ದರು. ಈ ವಾದ ಇನ್ನೂ ತೀರಿಲ್ಲ.

ಅವರು ನಿವೃತ್ತರಾದ ಬೇಸಿಗೆಯಲ್ಲೇ ನನಗೆ ಬ್ರಹ್ಮಾವರದ ಹತ್ತಿರ ವರ್ಗ ಸಿಕ್ಕಿತು. ಈ ಸಲ ಮನೆಯಲ್ಲಿ ಎಲ್ಲರಿಗೂ ಸಂಭ್ರಮ, ನಮ್ಮ ಮನೆಯವರು ಹೋಳಿಗೆ ತಂದರು. ನನಗೆ ಖುಷಿಯಾಗಲಿಲ್ಲ ಎಂದರೆ ಸುಳ್ಳಾದೀತು, ಬೆಳಿಗ್ಗೆ ಒಂದು ಗಂಟೆ ಹೆಚ್ಚು ನಿದ್ದೆ ಯಾರಿಗೆ ಬೇಡ? ಈಗ ಶಾಲೆಗೆ ಹತ್ತು ನಿಮಿಷದ ದಾರಿ. ಹತ್ತು ನಿಮಿಷದಲ್ಲಿ ಎರಡೂವರೆ ಹಾಡು ಆಗುತ್ತದೆ. ಉಳಿದರ್ಧ ಹಾಡಿಗೆ ಶಾಲೆಯ ಹಿಂದೆ ಕಾರು ನಿಲ್ಲಿಸಿ ಕೂತಿರುತ್ತೇನೆ. ಹೊಸ ಶಾಲೆಯವರು ನನಗೆ ಏನೋ ಮನಸ್ಸಿಗೆ ಬೇಸರವಿದೆ ಎಂದುಕೊಂಡಿದ್ದಾರೆ, ನಾನೂ ತಿದ್ದಲು ಹೋಗಿಲ್ಲ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಕೆಲವೊಮ್ಮೆ ಕುಂದಾಪುರಕ್ಕೆ ಹೋಗುತ್ತೇನೆ. ಕಳೆದ ಶನಿವಾರ ಮಾಸ್ಟ್ರೇ ಫೋನ್ ಮಾಡಿದ್ದರು. ಮನೆಯಲ್ಲಿ ಅವರ ಹೆಂಡತಿಗೆ ಮೆಟಲ್ ಸಹಿಸಲು ಆಗುತ್ತಿಲ್ಲವಂತೆ, ಕಿವಿಗೆ ಹಾಕಿಕೊಳ್ಳುವ ಒಳ್ಳೆಯ ಹೆಡ್‌ಫೋನ್ ಕೊಡಿಸಬೇಕಂತೆ. ಪೇಟೆಯ ಮೊಬೈಲ್ ಅಂಗಡಿಗೆ ಹೋದೆವು. ಕಿವಿಯನ್ನೇ ಪೂರ್ತಿ ಮುಚ್ಚುವ ದಪ್ಪನೆಯದೊಂದನ್ನು ಅಂಗಡಿಯಾಕೆ ಅವರ ತಲೆಗೆ ಏರಿಸಿದಳು. ನಾನು ನನ್ನ ಫೋನಿನಿಂದ ಒಂದು ಹೊಸ ಆಲ್ಬಂ ಹಾಕಿದೆ, ಆಫ್ರಿಕಾದ ಒಬ್ಬ ವೃದ್ಧರು ಮರಳುಗಾಡಿನ ಊರಿನಲ್ಲಿ ಕೂತು ಗಿಟಾರು ನುಡಿಸಿದ್ದು; ಅವರ ಚಿತ್ರ ಫೋನಿನಲ್ಲಿ ಕಾಣುತ್ತಿತ್ತು. ಮಾಸ್ಟ್ರು ಅದನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿಕೊಂಡರು. ನಂತರ ತಮ್ಮ ದನಿ ತಮಗೇ ಕೇಳಿಸದೆ, ಮೈದಾನದ ಆಚೆ ತುದಿಗೆ ಮುಟ್ಟುವ ಹಾಗೆ ಕೂಗಿದರು.

"ಹ್ವಾಯ್ ಮೇಡಂ! ಈ ಅಜ್ಜ ಬೆರಳಂಗೆ ತಂತಿ ಮುಟ್ಟುದ್ ಕೇಂತ್ತ್! ಉಗುರ್ ಇತ್ತ್ ಅಜ್ಜಂಗೆ!"

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಸ್ಕ್ರೀನ್ ಗಾರ್ಡ್ ಹಾಕಿಸಿಕೊಳ್ಳಲು ಬಂದಿದ್ದ ಹೆಂಗಸೊಬ್ಬಳು, ನನಗೂ ಸ್ವಲ್ಪ ಕೊಡಿ ನೋಡುವ ಅಂದಳು. ಮಾಸ್ಟ್ರಿಗೆ ಅದು ಕೇಳಿಸಲಿಲ್ಲ. ಹೆಡ್‌ಫೋನನ್ನು ತಲೆಯಿಂದ ತೆಗೆಯದೆಯೇ, ಇದನ್ನೇ ಕಟ್ಟಿಕೊಡಿ ಎಂದು ಅಂಗಡಿಯಾಕೆಗೆ ಕೈಸನ್ನೆ ಮಾಡಿದರು.